ತಗ್ಗಿನವರ ಚಿಪ್ಪು ತಪ್ಪಲಿಲ್ಲ

ಒಡ್ಡು ಕಟ್ಟಿದ ತೊಂಬತ್ತನೆಯ ವರ್ಷ, ಹದಿಮೂರನೆಯ ತಿಂಗಳು, ಇಳಿತದ ಹೊತ್ತು
ಗಜನಿಕೇರಿ, ರಕ್ಷಿತ ತಗ್ಗು ಪ್ರದೇಶ

ಹಿಂದಿನವರೇ,

ನಿಮ್ಮನ್ನು ಏನೆಂದು ಕರೆಯಬೇಕೆಂದೇ ತಿಳಿಯಲಿಲ್ಲ. ಅಜ್ಜಂದಿರೇ, ಅಜ್ಜಿಯರೇ ಎನ್ನೋಣವೆಂದರೆ, ಇದನ್ನು ಓದುವಾಗ ನಿಮ್ಮಲ್ಲಿ ಎಷ್ಟೋ ಜನ ನನ್ನ ಮೊಮ್ಮಕ್ಕಳ ಪ್ರಾಯದವರಿರುತ್ತೀರಿ. ನಾನು ಹೊನ್ನಮ್ಮ ಜಟ್ಟಿ ಅಂಬಿಗ, ಎಪ್ಪತ್ತು ದಾಟಿದ ಮುದುಕಿ. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಬದುಕೆಲ್ಲ ಸಮುದ್ರದ ಭರತಿ-ಇಳಿತದ ಮೇಲೆ ನಿಂತದ್ದರಿಂದ ನಾವು ಚಂದ್ರನನ್ನು ನೋಡಿ ತಿಂಗಳು ಎಣಿಸುತ್ತೇವೆ, ಕೆಲವು ವರ್ಷ ಹದಿಮೂರು ಬರುತ್ತವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ವಸ್ತುವೇ ನಿಮ್ಮಲ್ಲಿ ಹುಟ್ಟಿಲ್ಲದ ಮೇಲೆ ಅದರ ಹೆಸರು ಹೇಗೆ ಗೊತ್ತಾಗಬೇಕು? ಹೋಗ್ತಾ ಹೋಗ್ತಾ ಬಿಡಿಸಿ ಹೇಳುತ್ತೇನೆ.

ಇದು ನಿಮಗೆ ಹೇಗೆ ತಲುಪುತ್ತದೆ ಎಂದು ಕೇಳುತ್ತೀರಾ? ಭರತಿಯಲ್ಲಿ ಬಿಟ್ಟದ್ದು ಮುಂದಿನವರಿಗೆ, ಇಳಿತದಲ್ಲಿ ಬಿಟ್ಟದ್ದು ಹಿಂದಿನವರಿಗೆ ಎಂದು ನಮ್ಮಲ್ಲೊಂದು ನಂಬಿಕೆ. ತೀರಿಕೊಂಡವರಿಗೆ ಎಲೆ ಅಡಿಕೆ ಇಟ್ಟು ಇಳಿತದ ನೀರಿಗೆ ಬಿಡುತ್ತೇವಲ್ಲ, ಹಾಗೆಯೇ ಈ ಕಾಗದವನ್ನೂ ಮಡಕೆಗೆ ಹಾಕಿ, ಬಾಯಿಗೆ ರಾಳ ಮೆತ್ತಿ ತೂಬಿನಿಂದ ಹೊರಗೆ ಬಿಡುತ್ತೇನೆ. ಸಿಕ್ಕಿದರೆ ನಿಮ್ಮ ಪುಣ್ಯ. ಸಿಗದಿದ್ದರೆ ಮೀನು ಓದಲಿ.

ಮೊದಲು ನಮ್ಮ ಊರು ಯಾವುದೆಂದು ಹೇಳಬೇಕು. ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ ಉಪ್ಪುನೀರು ಹತ್ತಿ ಇಳಿಯುವ ಗದ್ದೆಗಳಿವೆ, ಅವಕ್ಕೆ ಗಜನಿ ಅನ್ನುತ್ತಾರೆ. ನಿಮ್ಮ ಕಾಲದಲ್ಲೂ ಹಾಗೇ ಅನ್ನುತ್ತಿದ್ದರಂತೆ. ನಿಮ್ಮ ಕಾಲ ಕಳೆದ ಮೇಲೆ ಸಮುದ್ರ ಏರಿತು. ಕರಾವಳಿಯ ಮಂದಿ ಗುಡ್ಡ ಹತ್ತಿದರು. ಹತ್ತದೆ ಉಳಿದವರಿಗಾಗಿ ಒಕ್ಕೂಟದ ಸರಕಾರ ಗಜನಿಯ ಸುತ್ತ ಎತ್ತರದ ಒಡ್ಡು ಕಟ್ಟಿ, ಗದ್ದೆಗೆ ಬೇಕಾದಷ್ಟೇ ನೀರು ಹತ್ತಿ ಇಳಿಯಲು ಅದಕ್ಕೊಂದು ತೂಬು ಇಟ್ಟಿತು. ಒಡ್ಡಿನೊಳಗೆ ಇರುವವರು ತಗ್ಗಿನವರು, ಅಂದರೆ ನಾವು. ಗುಡ್ಡದ ಮೇಲಿನವರು ಮೇಲಿನವರೇ. ಭರತಿಯಲ್ಲಿ ಹೊರಗೆ ಸಮುದ್ರ ನಮ್ಮ ಮನೆಯ ಮಾಡಿಗಿಂತ ಎತ್ತರದಲ್ಲಿ ನಿಂತಿರುತ್ತದೆ. ಒಡ್ಡಿಗೆ ಕಿವಿಯಿಟ್ಟರೆ ಅದು ಉಸಿರಾಡುವುದು ಕೇಳುತ್ತದೆ. ನಮಗೆ ಅದು ರೂಢಿಯಾಗಿದೆ.

ಒಡ್ಡಿನ ಕರಾರಿನಲ್ಲಿ ಎರಡು ಮಾತಿದ್ದವು. ಒಂದು, ತಗ್ಗಿನವರ ಒಪ್ಪಿಗೆಯಿಲ್ಲದೆ ಒಕ್ಕೂಟ ಒಡ್ಡನ್ನು ಕೈಬಿಡುವಂತಿಲ್ಲ. ಎರಡು, ಒಡ್ಡಿನ ಖರ್ಚೆಲ್ಲ ಮೇಲಿನವರದ್ದೇ ಆದ್ದರಿಂದ, ಅಧ್ಯಕ್ಷರನ್ನು ಆರಿಸುವ ಮತ ತಗ್ಗಿನವರಿಗಿಲ್ಲ. ನಮ್ಮ ಗಂಡುಮಕ್ಕಳು ಒಕ್ಕೂಟದ ಪಡೆಗೆ ಸೇರಬಹುದು, ಸಾಯಲೂಬಹುದು. ತೆರಿಗೆ ಕೊಡಬಹುದು. ಅಧ್ಯಕ್ಷರ ಪಟವನ್ನು ಶಾಲೆಯ ಗೋಡೆಗೆ ಹೊಡೆಯಬಹುದು. ಆರಿಸುವುದು ಮಾತ್ರ ಕೂಡದು.

ನನ್ನ ಅಜ್ಜನ ಕಾಲದವರು ಇದಕ್ಕೆ ಬಹಳ ಗಲಾಟೆ ಮಾಡಿದರಂತೆ. ಕಡೆಗೆ ರಾಜಧಾನಿಯಿಂದ ಒಂದು ಅಪ್ಪಣೆ ಬಂತು: ಚುನಾವಣೆಯ ದಿನ ನೀವೂ ನಿಮ್ಮ ಪಾಡಿಗೆ ಮತ ಹಾಕಿಕೊಳ್ಳಿ, ಲೆಕ್ಕಕ್ಕೆ ಹಿಡಿಯುವುದಿಲ್ಲ, ಗಮನಿಸುತ್ತೇವೆ. ಚೀಟಿ ಕೊಡಲಿಲ್ಲ, ಪೆಟ್ಟಿಗೆ ಕೊಡಲಿಲ್ಲ. ನಮ್ಮವರು ಬಿಡುತ್ತಾರೆಯೇ? ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಜನ ನಾವು, ಅಂಗಳದ ತುಂಬ ಅದರ ಚಿಪ್ಪಿನ ರಾಶಿ ಬಿದ್ದಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಚಿಪ್ಪು, ಒಬ್ಬೊಬ್ಬ ಹುರಿಯಾಳಿಗೆ ಒಂದೊಂದು ತಾಮ್ರದ ಹಂಡೆ. ಅದನ್ನು ನಾವು ಒಣಮತ ಅಂದೆವು. ಒಣ ಉಪಚಾರ ಅನ್ನುವುದಿಲ್ಲವೇ, ಹಾಗೆ.

ಒಣಮತದ ದಿನ ಹೇಗಿರುತ್ತಿತ್ತೆಂದು ನೀವು ನೋಡಬೇಕಿತ್ತು. ಒಡ್ಡಿನೊಳಗೆ ಎಲ್ಲರೂ ಒಟ್ಟಿಗೆ ನಿಲ್ಲಬಹುದಾದ ಜಾಗ ಒಂದೇ, ತೂಬಿನ ಬುಡದ ಕೆಸರುಬಯಲು. ಬೆಳಗಿನ ಇಳಿತದಲ್ಲಿ ಮಾತ್ರ ಅದು ತೆರೆದುಕೊಳ್ಳುತ್ತದೆ. ತೂಬಿನ ಗಂಟೆ ಬಾರಿಸಿದ ಕೂಡಲೇ ಜನ ಇಳಿಯುತ್ತಿದ್ದರು. ಹೆಂಗಸರು ಮುಡಿಗೆ ಅಬ್ಬಲಿಗೆ ಮುಡಿದು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಬರುತ್ತಿದ್ದರು. ಗಂಡಸರು ಮಾಡಿನಡಿಗೆ ತೂಗುಹಾಕಿದ ದೋಣಿಯನ್ನು ಅವತ್ತೊಂದು ದಿನ ಇಳಿಸಿ ಎಣ್ಣೆ ಹಚ್ಚಿ ನಿಲ್ಲಿಸುತ್ತಿದ್ದರು. (ನಮ್ಮಲ್ಲಿ ಪ್ರತಿ ಮನೆಯಲ್ಲೂ ಮಾಡಿನಡಿ ಒಂದು ದೋಣಿ ತೂಗುತ್ತದೆ. ಯಾಕೆಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ.) ಉಪ್ಪುನೀರಲ್ಲೇ ಬೆಳೆಯುವ ಕಗ್ಗದ ಅಕ್ಕಿಯ ಗಂಜಿ, ಬಳಚಿನ ಸುಕ್ಕ, ಬೆಲ್ಲದ ಚಾ. ಭರತಿ ಏರುವುದರೊಳಗೆ ಮತ ಮುಗಿದು, ಎಣಿಕೆ ಮುಗಿದು, ಹಂಡೆ ತೊಳೆದು ಮೇಲೆ ಹತ್ತಬೇಕು. ಮೇಲಿನವರು ಸಂಜೆಯ ತನಕ ನಿಧಾನಕ್ಕೆ ಮತ ಹಾಕುತ್ತಾರೆ. ನಮ್ಮ ಫಲಿತಾಂಶ ಅವರ ಬೆಳಗಿನ ತಿಂಡಿಯ ಹೊತ್ತಿಗೇ ಗಾಳಿಸುದ್ದಿಯಲ್ಲಿ ಬರುತ್ತಿತ್ತು. ಗಾಳಿಸುದ್ದಿಯೆಂದರೆ ನಿಮ್ಮ ರೇಡಿಯೋದ ಮರಿಮಗಳು, ಕಿವಿಯ ಹಿಂದೆ ಅಂಟಿಸಿಕೊಂಡರೆ ತಾನೇ ಮಾತಾಡುತ್ತದೆ.

ಒಣಮತಕ್ಕೆ ಪರದೆ ಇರಲಿಲ್ಲ. ಇದನ್ನು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಿ. ಲೆಕ್ಕಕ್ಕಿಲ್ಲದ ಮತಕ್ಕೆ ಎಂತ ಗುಟ್ಟು ಮಾರಾಯ್ರೇ, ಅಂತ ಆಗಿನವರು ನಕ್ಕುಬಿಟ್ಟರಂತೆ. ಹಂಡೆಗಳು ಬಯಲಿನ ನಡುವೆ ತೆರೆದೇ ಇರುತ್ತಿದ್ದವು. ಬರಿಹಂಡೆಗೆ ಚಿಪ್ಪು ಬಿದ್ದರೆ ಠಣ್ ಅನ್ನುತ್ತದೆ, ತುಂಬಿದ ಹಂಡೆಗೆ ಬಿದ್ದರೆ ಚರ್ ಅಷ್ಟೇ. ಸಾಲಿನ ಕೊನೆಯಲ್ಲಿ ಕಣ್ಣುಮುಚ್ಚಿ ನಿಂತವರಿಗೂ ಯಾವುದು ತುಂಬುತ್ತಿದೆ ಎಂದು ಗೊತ್ತಾಗುತ್ತಿತ್ತು.

ಮೊದಲ ಸಲ ತಗ್ಗಿನಲ್ಲಿ ಗೆದ್ದವರೇ ಮೇಲೂ ಗೆದ್ದರು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲವಂತೂ ಮೇಲಿನ ಪಂಡಿತರೆಲ್ಲ ಒಬ್ಬನ ಹೆಸರು ಹೇಳಿದರೆ ನಮ್ಮ ಚಿಪ್ಪು ಇನ್ನೊಬ್ಬನ ಹೆಸರು ಹೇಳಿತು, ನಮ್ಮದೇ ನಿಜವಾಯಿತು. ಅಲ್ಲಿಂದ ಶುರುವಾಯಿತು ನೋಡಿ. ಮೇಲಿನವರು ಹಿಂದಿನ ದಿನವೇ ಬಂದು ಒಡ್ಡಿನ ಮೇಲೆ ಚಾಪೆ ಹಾಸಿ ಕೂರತೊಡಗಿದರು. ತಗ್ಗಿನವರ ಚಿಪ್ಪು ತಪ್ಪುವುದಿಲ್ಲ ಎಂಬ ಮಾತು ರಾಜಧಾನಿಯವರೆಗೆ ಹೋಯಿತು. ಚುನಾವಣೆಯ ವರ್ಷ ಬಿಟ್ಟು ಬೇರೆ ಯಾವಾಗಲೂ ಮೂಸಿಯೂ ನೋಡದ ಊರು ನಮ್ಮದು. ಅಂಥ ಊರನ್ನು ದೇಶವೆಲ್ಲ ಅವತ್ತೊಂದು ಬೆಳಗ್ಗೆ ಕಿವಿ ನೆಟ್ಟಗೆ ಮಾಡಿ ಕೇಳುತ್ತಿತ್ತು. ಅದರ ರುಚಿ ಹತ್ತಿತು ನಮಗೆ. ಸುಳ್ಳು ಯಾಕೆ ಹೇಳಲಿ, ನನಗೂ ಹತ್ತಿತ್ತು.

ನನ್ನ ತಮ್ಮ ಬೀರಪ್ಪನ ಬಗ್ಗೆ ಈಗ ಹೇಳಬೇಕು. ಅವನು ಹಂಡೆಯ ಯಜಮಾನ, ಅಂದರೆ ಒಣಮತವನ್ನು ನಡೆಸಿ, ಎಣಿಸಿ, ಫಲಿತಾಂಶ ಕೂಗುವವನು. ಎತ್ತರದ ಆಳು, ದೊಡ್ಡ ಗಂಟಲು, ಮಗುವಿನ ಮನಸ್ಸು. ಮದುವೆಯಾಗಲಿಲ್ಲ. ಹಂಡೆಗಳನ್ನೇ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟಿದ್ದ. ಚುನಾವಣೆ ಹತ್ತಿರ ಬಂದಾಗ ಅವನು ಬಳಚಿನ ಬುಟ್ಟಿ ಹೊತ್ತು ಮೇಲಿನ ಸಂತೆಗೆ ಹೋಗಿ, ವ್ಯಾಪಾರದ ನೆವದಲ್ಲಿ ಗಾಳಿ ನೋಡಿ ಬರುತ್ತಿದ್ದ. ಗಾಳಿ ನೋಡುವುದೆಂದರೆ ಮೇಲಿನವರು ಯಾರ ಕಡೆ ವಾಲಿದ್ದಾರೆಂದು ತಿಳಿದುಕೊಳ್ಳುವುದು. ಅವನೊಬ್ಬನೇ ಅಲ್ಲ, ಉಪ್ಪು ಮಾರುವವರು, ಚಾಪೆ ಹೆಣೆಯುವವರು, ಎಲ್ಲರೂ ನೋಡಿ ಬರುತ್ತಿದ್ದರು. ಬಂದು ಚಾದಂಗಡಿಯಲ್ಲಿ ಕೂತು ಅಳೆದು ಸುರಿದು ತೀರ್ಮಾನಿಸುತ್ತಿದ್ದರು. ಆ ಮಾತುಕತೆಯಲ್ಲಿ ಯಾರು ಬಂದರೆ ನಮಗೆ ಒಳ್ಳೆಯದು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಯಾರು ಬರುತ್ತಾರೆ ಎಂಬುದೊಂದೇ. ಒಂದು ತಲೆಮಾರು ಕಳೆಯುವುದರೊಳಗೆ ತಗ್ಗಿನಲ್ಲಿ ಈ ಎರಡು ಪ್ರಶ್ನೆಗಳೂ ಒಂದೇ ಎಂದು ಮಕ್ಕಳು ತಿಳಿದುಕೊಂಡು ಬೆಳೆದರು.

ಹೀಗೆ ಹನ್ನೊಂದು ಚುನಾವಣೆಗಳಾದವು. ಒಂದೂ ತಪ್ಪಲಿಲ್ಲ.

ಹನ್ನೆರಡನೆಯದು ಹೋದ ವರ್ಷ ಬಂತು. ಹುರಿಯಾಳುಗಳು ಇಬ್ಬರು, ಗುರುತು ಒಬ್ಬನದು ಗುದ್ದಲಿ, ಒಬ್ಬನದು ಕೊಕ್ಕರೆ. ಗುದ್ದಲಿಯವನು ಒಡ್ಡನ್ನು ಹೊಸದಾಗಿ ಬಿಗಿ ಮಾಡಿಸುತ್ತೇನೆ ಎಂದ. ಕೊಕ್ಕರೆಯವನು ತಗ್ಗಿನವರನ್ನೆಲ್ಲ ಗುಡ್ಡದ ಮೇಲೆ ಕೋಣೆ ಕಟ್ಟಿಸಿ ಕೂರಿಸುತ್ತೇನೆ, ತೂಬು ತೆರೆದು ಸಮುದ್ರದ ಜಾಗ ಸಮುದ್ರಕ್ಕೆ ಬಿಡುತ್ತೇನೆ ಎಂದ. ಸುತ್ತಿ ಬಳಸಿ ಹೇಳಲಿಲ್ಲ ಪಾಪ, ನೇರವಾಗಿಯೇ ಹೇಳಿದ. ಮೋಸ ಹೋದೆವು ಎಂದು ಎದೆ ಬಡಿದುಕೊಳ್ಳುವ ಸೌಭಾಗ್ಯವೂ ನಮಗಿಲ್ಲ.

ಬೀರಪ್ಪ ಸಂತೆಯಿಂದ ಬಂದು ಬುಟ್ಟಿ ಇಳಿಸಿ, ಅಕ್ಕಾ, ಈ ಸಲ ಕೊಕ್ಕರೆಯೇ ಅಂದ. ಅವನ ಮುಖದಲ್ಲಿ ದುಃಖವಿರಲಿಲ್ಲ. ಉತ್ತರ ಸಿಕ್ಕಿದ ಖುಷಿ ಇತ್ತು. ಕೊಕ್ಕರೆ ಬಂದರೆ ನಾವೆಲ್ಲಿಗೆ ಹೋಗುವುದೋ ತಮ್ಮಾ ಅಂದೆ. ಅವನು ನನ್ನನ್ನೇ ಸಮಾಧಾನ ಮಾಡಿದ. ಇದು ಒಣಮತ ಅಲ್ದನೇ ಅಕ್ಕಾ, ಇದರಿಂದ ಯಾರಿಗೂ ಎಂತ ಆಗುವುದಿಲ್ಲ, ಆದರೆ ಚಿಪ್ಪು ತಪ್ಪಿತು ಅಂತಾದರೆ ನಾಳೆಯಿಂದ ನಮ್ಮನ್ನು ಕೇಳುವವರು ಯಾರು, ಅಂದ. ಚಾದಂಗಡಿಯಲ್ಲೂ ಅದೇ ಮಾತು. ಗುದ್ದಲಿಗೆ ಹಾಕಿದರೆ ಮರ್ಯಾದೆ ಹೋಗುತ್ತದೆ, ಕೊಕ್ಕರೆಗೆ ಹಾಕಿದರೆ ಏನೂ ಹೋಗುವುದಿಲ್ಲ, ಹೇಗೂ ಲೆಕ್ಕಕ್ಕಿಲ್ಲ. ಮೇಲಿನವರಲ್ಲಿ ಯಾರಾದರೂ ತಡೆಯುತ್ತಾರೆ ಬಿಡು, ಅಂತ ಒಬ್ಬ ಅಂದರೆ ಹತ್ತು ಜನ ತಲೆಯಾಡಿಸಿದರು. ಮೀನುಗಳು ಸಾಲಾಗಿ ನಿಂತು ಕೊಕ್ಕರೆಗೆ ಮತ ಹಾಕುತ್ತಿವೆ ನೋಡಿ ಅಂತ ಪಕ್ಕದ ಮನೆಯ ಸಣ್ಣತಂಗಿ ಸಾಲಿನಲ್ಲೇ ತಮಾಷೆ ಮಾಡಿದಳು. ಎಲ್ಲರೂ ನಕ್ಕರು. ನಗುತ್ತಾ ಅವಳೂ ಕೊಕ್ಕರೆಯ ಹಂಡೆಗೇ ಹಾಕಿದಳು.

ನಾನು ಗುದ್ದಲಿಗೆ ಹಾಕಿದೆ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ಅದರಿಂದ ಒಂದು ಕೂದಲೂ ಅಲುಗಲಿಲ್ಲ. ಠಣ್ ಅಂತ ಕೇಳಿತು. ಅಷ್ಟು ದೊಡ್ಡ ಬಯಲಿನಲ್ಲಿ ಎಲ್ಲರೂ ತಿರುಗಿ ನೋಡಿದರು. ನನಗೆ ಒಳ್ಳೆ ಸಾವಿನ ಮನೆಯಲ್ಲಿ ಸೀನಿದ ಹಾಗಾಯಿತು.

ಬೆಳಗಿನ ತಿಂಡಿಯ ಹೊತ್ತಿಗೆ ಗಾಳಿಸುದ್ದಿ ಹೇಳಿತು: ತಗ್ಗಿನವರೇ ತಗ್ಗು ಬಿಡಲು ಒಪ್ಪಿದ್ದಾರೆ. ಈಗ ಕೇಳಿ, ಹಿಂದಿನವರೇ, ಇಲ್ಲೇ ಇರುವುದು ವಿಷ. ಮೇಲೆ ಅರ್ಧಕ್ಕರ್ಧ ಜನ ಆವರೆಗೂ ಮನಸ್ಸು ಗಟ್ಟಿ ಮಾಡಿರಲಿಲ್ಲವಂತೆ. ಒಡ್ಡು ಒಡೆದು ಅಷ್ಟು ಜನರನ್ನು ಎತ್ತಂಗಡಿ ಮಾಡುವುದು ಪಾಪವಲ್ಲವೇ ಎಂದು ಗುಡ್ಡದ ಹೆಂಗಸರು ಅನುಮಾನಿಸುತ್ತಿದ್ದರಂತೆ. ನಮ್ಮ ಫಲಿತಾಂಶ ಕೇಳಿ, ಅವರಿಗೇ ಬೇಡವಾದ ಒಡ್ಡಿಗೆ ನಾವ್ಯಾಕೆ ದುಡ್ಡು ಸುರಿಯಬೇಕು ಎಂದು ಎದ್ದು ಹೋಗಿ ಕೊಕ್ಕರೆಗೆ ಹಾಕಿ ಬಂದರು. ಅವರು ಹೇಗೆ ಹಾಕುತ್ತಾರೆಂದು ನಾವು ನೋಡಿದ್ದೆವು, ನಾವು ಹೇಗೆ ಹಾಕುತ್ತೇವೆಂದು ಅವರು ನೋಡಿದರು. ನಿನಗೇನು ಬೇಕು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಸಂಜೆ ಕೊಕ್ಕರೆ ಗೆದ್ದಿತು. ಬೀರಪ್ಪ ಮನೆಮನೆಗೆ ಬೆಲ್ಲ ಹಂಚಿದ. ಹನ್ನೆರಡಕ್ಕೆ ಹನ್ನೆರಡು, ಚಿಪ್ಪು ತಪ್ಪಲಿಲ್ಲ ಅಂತ ಕೂಗಿಕೊಂಡು ಹೋದ. ಆ ಬೆಲ್ಲವನ್ನು ನಾನೂ ಬಾಯಿಗೆ ಹಾಕಿಕೊಂಡೆ.

ಮಳೆಗಾಲ ಕಳೆದ ಮೇಲೆ ಆದೇಶ ಬಂತು. ಕರಾರಿನ ಪ್ರಕಾರ ತಗ್ಗಿನವರ ಒಪ್ಪಿಗೆ ಪಡೆಯಲಾಗಿದೆ, ಬರುವ ದೊಡ್ಡ ಭರತಿಗೆ ತೂಬು ತೆರೆದು ಹಾಗೇ ಬಿಡಲಾಗುವುದು. ನಮ್ಮವರು ದೋಣಿ ಕಟ್ಟಿಕೊಂಡು ರಾಜಧಾನಿಗೆ ಓಡಿದರು. ಬೀರಪ್ಪನೇ ಮುಂದೆ ನಿಂತು, ಸ್ವಾಮೀ, ಅದು ಒಣಮತ, ನೀವೇ ಲೆಕ್ಕಕ್ಕಿಲ್ಲ ಅಂದಿದ್ದಿರಿ, ಅಂದನಂತೆ. ಕಚೇರಿಯ ಒಳಗಿದ್ದವರು ಬಹಳ ಮರ್ಯಾದೆಯಿಂದ ಕೂರಿಸಿ, ನೀರು ಕೊಟ್ಟು ಹೇಳಿದರಂತೆ: ಅಧ್ಯಕ್ಷರನ್ನು ಆರಿಸುವುದಕ್ಕೆ ಅದು ಲೆಕ್ಕಕ್ಕಿಲ್ಲ ಯಜಮಾನರೇ, ನಿಮ್ಮ ಮನಸ್ಸಿನಲ್ಲೇನಿದೆ ಎಂದು ತಿಳಿಯುವುದಕ್ಕೆ ಲೆಕ್ಕಕ್ಕಿದೆ, ಗಮನಿಸುತ್ತೇವೆ ಎಂದು ಅವತ್ತೇ ಬರೆದುಕೊಟ್ಟಿದ್ದೆವಲ್ಲ. ಅದು ನಮ್ಮ ಮನಸ್ಸಲ್ಲ, ನಿಮ್ಮ ಮನಸ್ಸನ್ನು ಊಹಿಸಿ ಹಾಕಿದ್ದು, ಎಂದು ನನ್ನ ತಮ್ಮ ಅಲ್ಲಿ ಹೇಗೆ ಹೇಳುತ್ತಾನೆ? ಹನ್ನೆರಡು ಸಲದ ಕೀರ್ತಿ ಅಲ್ಲೇ ಮಣ್ಣುಪಾಲಾಗುತ್ತಿತ್ತು. ಅವನು ಕೈಮುಗಿದು ಎದ್ದು ಬಂದನಂತೆ. ಜೊತೆಗೆ ಹೋದವರೂ ಎದ್ದು ಬಂದರು. ಬಂದು ನನ್ನ ಮುಂದೆ ಕೂತು, ನಾಲಗೆಯ ತುದಿಗೆ ಬಂದಿತ್ತು ಅಕ್ಕಾ, ನುಂಗಿಬಿಟ್ಟೆ ಅಂತ ಅತ್ತ. ಸಿಟ್ಟು ಬಂದು ನಾನು ಬೈದೆ. ಆಮೇಲೆ ನಾನೂ ಅತ್ತೆ.

ಈಗ ಊರಿನಲ್ಲಿ ಮಾಡಿನಡಿಯ ದೋಣಿಗಳೆಲ್ಲ ಅಂಗಳಕ್ಕೆ ಇಳಿದಿವೆ. ಬಿಸಿಲುಪೆಟ್ಟಿಗೆಗಳನ್ನು, ಅಂದರೆ ಬಿಸಿಲು ಹಿಡಿದಿಟ್ಟು ದೀಪ ಉರಿಸುವ ಡಬ್ಬಗಳನ್ನು ಬಿಚ್ಚಿ ಚಾಪೆಯಲ್ಲಿ ಸುತ್ತಿದ್ದಾರೆ. ಕಗ್ಗದ ಭತ್ತ ಹಾಲು ತುಂಬಿ ನಿಂತಿದೆ, ಕೊಯ್ಯುವುದರೊಳಗೆ ನೀರು ಬರುತ್ತದೆ. ಗುಡ್ಡದ ಕೋಣೆಗಳನ್ನು ನೋಡಿ ಬಂದವರು ಅಲ್ಲಿ ಕಿಟಕಿಯಿಂದ ಬರೇ ಗೋಡೆ ಕಾಣುತ್ತದೆ ಅನ್ನುತ್ತಾರೆ. ಬೀರಪ್ಪ ಹೋಗುವುದಿಲ್ಲ ಅನ್ನುತ್ತಾನೆ. ಅವನು ಹಂಡೆಗಳನ್ನು ತೂಬಿನ ಬುಡದಲ್ಲಿ ಸಾಲಾಗಿ ಇಟ್ಟು ಅವುಗಳ ಪಕ್ಕ ಕೂರುತ್ತಾನೆ. ಊಟಕ್ಕೆ ಕರೆದರೆ ಬರುತ್ತಾನೆ, ಉಂಡು ಮತ್ತೆ ಅಲ್ಲಿಗೇ ಹೋಗುತ್ತಾನೆ. ನೀರು ಬರುವ ದಿನವೂ ಹಾಗೇ ಕೂತರೆ ಅವನನ್ನು ಎತ್ತಿಕೊಂಡು ಬರುವ ಶಕ್ತಿ ಈ ಮುದುಕಿಗಿಲ್ಲ. ನನಗೆ ಬೇರೆ ಯಾರೂ ಇಲ್ಲ.

ನಿನ್ನೆ ಮಧ್ಯಾಹ್ನ ಮೇಲಿನಿಂದ ಒಬ್ಬ ಅಧಿಕಾರಿಣಿ ಬಂದಿದ್ದರು. ಮೃಣಾಲಿನಿ ಅಂತ ಹೆಸರು, ಮೃದು ಮಾತು, ಕೆಸರಲ್ಲಿ ನಡೆದು ಕಾಲಿಗೆ ಬೊಬ್ಬೆ ಎದ್ದಿತ್ತು. ಚಾ ಕೊಟ್ಟೆ, ಕುಡಿದರು. ಒಕ್ಕೂಟ ನಮ್ಮ ಅಭಿಪ್ರಾಯಕ್ಕೆ ಬಹಳ ಬೆಲೆ ಕೊಡುತ್ತದಂತೆ. ಅದಕ್ಕೇ ಇವತ್ತಿನ ಇಳಿತಕ್ಕೆ ಇನ್ನೊಂದು ಒಣಮತ ಇಟ್ಟಿದ್ದಾರೆ: ತೂಬನ್ನು ಬೆಳಗಿನ ಭರತಿಗೆ ತೆರೆಯಬೇಕೋ, ಸಂಜೆಯ ಭರತಿಗೆ ತೆರೆಯಬೇಕೋ. ತೆರೆಯಬಾರದು ಎನ್ನುವುದಕ್ಕೆ ಹಂಡೆ ಇಲ್ಲವೇ ಅಂತ ನಾನು ಕೇಳಲೇ ಇಲ್ಲ ನೋಡಿ. ಯಾರಿಗೂ ಕಡ್ಡಾಯವಿಲ್ಲ ಅಮ್ಮಾ, ಸುಮ್ಮನೆ ಹೇಳಿ, ನಿಮಗೆ ಯಾವುದು ಬೇಕು, ಎಂದರು. ಹಿಂದಿನವರೇ, ಗುದ್ದಲಿಗೆ ಠಣ್ ಎನಿಸಿದ ಮುದುಕಿ ನಾನು. ತಮ್ಮನಿಗೆ ಬೈದವಳು ನಾನು. ನನ್ನ ಬಾಯಿಂದ ಬಂದ ಮಾತೇನು ಗೊತ್ತೇ? ಯಾವುದಕ್ಕೆ ಹೆಚ್ಚು ಬೀಳುತ್ತದಂತೆ, ಅಂತ ಕೇಳಿದೆ.

ಅವರು ಹೋದ ಮೇಲೆ ಒಲೆಯ ಮುಂದೆ ಕೂತವಳು ಏಳಲಿಲ್ಲ. ನನ್ನ ಮೈಯೇ ನನಗೆ ಅಸಹ್ಯವಾಯಿತು. ಆಗ ಈ ಕಾಗದ ಬರೆಯಬೇಕು ಅನ್ನಿಸಿತು. ನಿಮ್ಮ ಕಾಲದಲ್ಲೂ ನಿಮ್ಮನ್ನು ದಿನಾ ಏನೇನೋ ಕೇಳುತ್ತಾರೆಂದು ಓದಿದ್ದೇನೆ. ಫೋನಿನಲ್ಲಿ ಕೇಳುತ್ತಾರಂತೆ, ಬಾಗಿಲಿಗೆ ಬಂದು ಕೇಳುತ್ತಾರಂತೆ, ಗೆಲ್ಲುವವರ ಹೆಸರನ್ನು ಮೊದಲೇ ಹೇಳಿ ನೀವು ಬೀಗುತ್ತೀರಂತೆ. ಸುಮ್ಮನೆ ಹೇಳಿ, ಇದರಿಂದ ಏನೂ ಆಗುವುದಿಲ್ಲ ಎಂದು ಯಾರಾದರೂ ಕೇಳಿದಾಗ, ನನ್ನ ತಂದೆತಾಯಿಗಳಿರಾ, ಆಗ ಒಂದು ಗಳಿಗೆ ಬಾಯಿ ಮುಚ್ಚಿ ನಿಲ್ಲಿ. ಬೇಕಾದ್ದು ಯಾವುದು, ಆಗುವುದು ಯಾವುದು ಎಂದು ಬೇರೆ ಬೇರೆ ಮಾಡಿ ನೋಡಿ. ಬೇಕಾದ್ದನ್ನೇ ಹೇಳಿ. ನಿಮ್ಮ ಚಿಪ್ಪು ತಪ್ಪಿದರೆ ತಪ್ಪಲಿ. ನಮ್ಮ ಚಿಪ್ಪು ಒಂದೇ ಒಂದು ಸಲ ತಪ್ಪಿದ್ದರೆ ನಮ್ಮ ಗದ್ದೆಯಲ್ಲಿ ಈ ವರ್ಷ ಕೊಯ್ಲಾಗುತ್ತಿತ್ತೋ ಏನೋ.

ಗಂಟೆ ಬಾರಿಸುತ್ತಿದೆ. ನೀರು ಇಳಿದು ಬಯಲು ತೆರೆದುಕೊಂಡಿದೆ. ಇಲ್ಲಿಂದಲೇ ಸಾಲು ಕಾಣುತ್ತಿದೆ. ಸಣ್ಣತಂಗಿ ಮುಡಿಗೆ ಅಬ್ಬಲಿಗೆ ಮುಡಿದಿದ್ದಾಳೆ. ಬೀರಪ್ಪ ಹಂಡೆ ಎರಡನ್ನೂ ಒರೆಸಿ ಬಯಲಿನ ನಡುವೆ ಇಟ್ಟಿದ್ದಾನೆ, ಅವನ ಮುಖ ಬಹಳ ದಿನಗಳ ಮೇಲೆ ಅರಳಿದೆ. ಬೆಳಗಿನ ಭರತಿಯೇ ಗೆಲ್ಲುತ್ತದಂತೆ, ಗಾಳಿ ಹಾಗಿದೆಯಂತೆ.

ನನ್ನ ಪಾಲಿನ ಚಿಪ್ಪನ್ನು ನಾನು ಅಲ್ಲಿಗೆ ಒಯ್ಯುವುದಿಲ್ಲ. ಅದನ್ನು ಈ ಕಾಗದದ ಜೊತೆ ಮಡಕೆಯಲ್ಲಿ ಹಾಕಿದ್ದೇನೆ, ಹುಡುಕಿ ನೋಡಿ. ನನ್ನ ಮತ ಇದು: ನನಗೆ ಈ ಊರು ಬೇಕು. ನನ್ನ ತಮ್ಮ ಬೇಕು. ಇಷ್ಟನ್ನು ಹೇಳಲು ಒಡ್ಡಿನೊಳಗೆ ನನಗೆ ಒಂದು ಹಂಡೆಯೂ ಸಿಗಲಿಲ್ಲ. ನಿಮ್ಮ ಕಾಲದಲ್ಲಿ ಎಲ್ಲಾದರೂ ಇದ್ದರೆ ಇದನ್ನು ಅದರಲ್ಲಿ ಹಾಕಿಬಿಡಿ.

ನಿಮ್ಮ ಹೊನ್ನಮ್ಮ